ಹೆಡ್ ಆಫೀಸಿನಲ್ಲಿದ್ದ ಬೀಗದಕೈ

ತಿಲಕ್ ನಗರದ ಆ ನಾಲ್ಕು ಬೀದಿಗಳಲ್ಲಿ ಯಾವ ಹೆಂಗಸು ಬಸುರಿ ಅನ್ನುವುದು ಅವಳ ಅತ್ತೆಗೆ ಗೊತ್ತಾಗುವ ಮೊದಲೇ ಅಣ್ಣಮ್ಮನಿಗೆ ಗೊತ್ತಿರುತ್ತಿತ್ತು. ಹನ್ನೊಂದು ವರ್ಷದಿಂದ ಅವಳು ಆ ಬೀದಿಗಳ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ ಉಟ್ಟು, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಊಟದ ಹೊತ್ತಿಗೆ ನಲವತ್ತು ಮನೆ ಮುಗಿಸುತ್ತಿದ್ದಳು. ಯಾರಿಗೆ ಕ್ಷಯ, ಯಾರು ಗಂಡನಿಗೆ ಹೇಳದೆ ಕಾಪರ್-ಟಿ ಹಾಕಿಸಿಕೊಂಡಿದ್ದಾರೆ, ಯಾವ ಮನೆಯ ಹುಡುಗಿಯನ್ನು ಮದುವೆಗೆ ಮುಂಚೆ ಯಾವ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು, ಎಲ್ಲವೂ ಅವಳ ಹೊಟ್ಟೆಯಲ್ಲಿದ್ದವು. ಬಾಯಿಗೆ ಬರುತ್ತಿರಲಿಲ್ಲ. ಗಂಡ ಪಿಳ್ಳಣ್ಣ ಮನೆಗಳಿಗೆ ಪೇಂಟ್ ಹೊಡೆಯುವವನು. ರಾತ್ರಿ ಊಟಕ್ಕೆ ಕೂತಾಗ ಅವಳನ್ನು ಕೆಣಕುತ್ತಿದ್ದ. "ಪಕ್ಕದ್ಮನೇಲಿ ಮಗು ಆಗೋದು ಊರಿಗೆಲ್ಲ ಗೊತ್ತಿರುತ್ತೆ. ನನಗೆ ಮಾತ್ರ ನಾಮಕರಣಕ್ಕೆ ಕರೆದಾಗ್ಲೇ ಗೊತ್ತಾಗೋದು. ಮನೇಲಿ ಆಶಾನ ಇಟ್ಕೊಂಡು ಏನು ಉಪಯೋಗ?"

ಒಮ್ಮೆ ಒಬ್ಬ ಅತ್ತೆ ಅವಳನ್ನು ಟೀ ಅಂಗಡಿಯವರೆಗೂ ಹಿಂಬಾಲಿಸಿಕೊಂಡು ಬಂದು, ಸೊಸೆಗೆ ಯಾಕೆ ಮಕ್ಕಳಾಗುತ್ತಿಲ್ಲ, ಮಾತ್ರೆ ಏನಾದರೂ ನುಂಗುತ್ತಿದ್ದಾಳಾ ಎಂದು ಕೇಳಿದ್ದಳು. ಅಣ್ಣಮ್ಮ ಟೀ ಕುಡಿದು ಮುಗಿಸಿ, "ನಿಮ್ ವಿಷ್ಯ ನಿಮ್ ಸೊಸೆ ಕೇಳಿದ್ರೂ ನಾನು ಹೇಳಲ್ಲ ಕಣಮ್ಮ" ಎಂದು ಎದ್ದುಬಂದಳು. ಆ ಮಾತು ಬೀದಿಯಲ್ಲಿ ಹರಡಿತು. ಅದಾದ ಮೇಲೆ ಹೆಂಗಸರು ಅವಳನ್ನು ಅಡುಗೆಮನೆವರೆಗೂ ಕರೆಯತೊಡಗಿದರು.

ಕಳೆದ ವರ್ಷ ದೀಪಾವಳಿ ಮುಗಿದ ವಾರ, ಜಯನಗರದ ಒಂದು ಹಾಲ್‌ನಲ್ಲಿ ಆಶಾಗಳಿಗೆಲ್ಲ ತರಬೇತಿ ಇಟ್ಟರು. ಇನ್ನು ಮೇಲೆ ರಿಜಿಸ್ಟರ್ ಪುಸ್ತಕ ಬೇಡ, ಎಲ್ಲವನ್ನೂ ಟ್ಯಾಬ್‌ನಲ್ಲಿ, 'ಜೋಪಾನ' ಅನ್ನುವ ಆ್ಯಪ್‌ನಲ್ಲಿ ಹಾಕಬೇಕು ಎಂದರು. ಹೇಳಿಕೊಡಲು ಬಂದವನು ಆ್ಯಪ್ ಮಾಡಿದ ಕಂಪನಿಯ ಹುಡುಗ, ರೇವಂತ್. ತಾಳ್ಮೆಯವನು. ಟ್ಯಾಬ್ ಮುಟ್ಟಲು ಹೆದರುತ್ತಿದ್ದವರ ಪಕ್ಕ ನೆಲದ ಮೇಲೆ ಕೂತು ಹೇಳಿಕೊಡುತ್ತಿದ್ದ.

"ನೀವು ಹಾಕೋ ಮಾಹಿತಿಗೆಲ್ಲ ಬೀಗ ಬೀಳುತ್ತೆ ಅಕ್ಕ. ದಾರೀಲಿ ಯಾರಾದ್ರೂ ಕದ್ರೂ ಅವರಿಗೆ ಅರ್ಥ ಆಗದ ಅಕ್ಷರ ಅಷ್ಟೇ ಸಿಗೋದು. ಬೀಗದಕೈ ನಿಮ್ ಟ್ಯಾಬಲ್ಲೊಂದು, ನಿಮ್ ಡಾಕ್ಟರ್ ಹತ್ರ ಒಂದು."

"ಟ್ಯಾಬ್ ಕಳ್ದೋಗಿ, ಡಾಕ್ಟ್ರಿಗೂ ಟ್ರಾನ್ಸ್‌ಫರ್ ಆದ್ರೆ?" ಯಾರೋ ಕೇಳಿದರು.

"ಅದಕ್ಕೇ ಇನ್ನೊಂದು ಕೀ ಹೆಡ್ ಆಫೀಸಲ್ಲಿ ಠೇವಣಿ ಇಟ್ಟಿರ್ತಾರೆ. ಎಮರ್ಜೆನ್ಸಿಗೆ ಮಾತ್ರ. ಮೂರು ಆಫೀಸರ್ಸ್ ಸೈನ್ ಹಾಕಿದ್ರೇನೇ ಅದು ಈಚೆಗೆ ಬರೋದು."

"ಎಮರ್ಜೆನ್ಸಿ ಅಂದ್ರೆ ಯಾವ್ದು ಸಾರ್?" ಎಂದಳು ಅಣ್ಣಮ್ಮ.

"ಪ್ರವಾಹ, ಸಾಂಕ್ರಾಮಿಕ ರೋಗ, ಯಾರಿಗಾದ್ರೂ ಪ್ರಾಣಾಪಾಯ, ಪೊಲೀಸ್ ತನಿಖೆ... ಹಂಗೆ."

"ಆ ಮೂರು ಜನ ಯಾರು?"

ರೇವಂತ್ ನಕ್ಕ. "ಅದು ನಂಗೂ ಗೊತ್ತಿಲ್ಲ ಅಕ್ಕ. ಸರ್ಕಾರದವ್ರು. ಅವರನ್ನೇ ನಂಬಲಿಲ್ಲ ಅಂದ್ರೆ ಇನ್ಯಾರನ್ನ ನಂಬ್ತೀರ?"

ಎಲ್ಲರೂ ನಕ್ಕರು, ಅಣ್ಣಮ್ಮನೂ ನಕ್ಕಳು. ಮಧ್ಯಾಹ್ನ ಪುಳಿಯೋಗರೆ, ಮೊಸರನ್ನ ಕೊಟ್ಟರು. ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ಜನವರಿಯಲ್ಲಿ ಚನ್ನವೀರನ ಹಳೇ ಪೇಪರ್ ಅಂಗಡಿಯ ಮೇಲೆ, ಎರಡನೇ ಮಹಡಿಯ ಶೀಟಿನ ರೂಮಿಗೆ ಒಂದು ಜೋಡಿ ಬಂತು. ಗಂಡ ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಬರುತ್ತಿದ್ದ. ಹುಡುಗಿ ಮಾತ್ರ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಮೇಲೆ ಬಿಸಿಲಿದ್ದರೂ ಬಟ್ಟೆಯನ್ನು ರೂಮಿನೊಳಗೇ ಒಣಗಿಸುತ್ತಿದ್ದಳು. ಅಣ್ಣಮ್ಮ ಮನೆ ಮನೆ ಸರ್ವೆಗೆ ಹೋದಾಗ ಬಾಗಿಲನ್ನು ಒಂದು ಗೇಣು ತೆಗೆದು, "ನಾವಿಲ್ಲಿ ಖಾಯಂ ಇರಲ್ಲ, ಬರ್ಕೋಬೇಡಿ" ಎಂದಳು. ಆ ಒಂದು ಗೇಣಿನಲ್ಲೇ ಅಣ್ಣಮ್ಮನಿಗೆ ಅವಳ ಪಾದ ಕಂಡಿತು. ಊದಿಕೊಂಡಿತ್ತು. ಕಾಲುಂಗುರ ಬೆರಳಿನ ಮಾಂಸದೊಳಗೆ ಹೂತುಹೋಗಿತ್ತು.

ಮೂರನೆಯ ಸಲ ಹೋದಾಗ ಹುಡುಗಿ ಒಳಗೆ ಕರೆದಳು. ಹೆಸರು ಇಂಚರ. ಕೋಣನಕುಂಟೆಯ ಗಂಗಾಧರಯ್ಯನ ಮಗಳು. ಆ ಹೆಸರು ಅಣ್ಣಮ್ಮನಿಗೂ ಗೊತ್ತಿತ್ತು. ಒಂದು ಕಾಲಕ್ಕೆ ಎರಡು ಎಕರೆಯಲ್ಲಿ ರಾಗಿ ಬೆಳೆಯುತ್ತಿದ್ದ ಮನುಷ್ಯ. ಈಗ ಕನಕಪುರ ರಸ್ತೆಯಲ್ಲಿ ನಾಲ್ಕು ಬಿಲ್ಡಿಂಗು, ಒಂದು ಕಲ್ಯಾಣ ಮಂಟಪ. ಹುಡುಗ ಸಿದ್ಧಾರ್ಥ ಕತ್ರಿಗುಪ್ಪೆಯ ಹಳೇ ಕಾಲೊನಿಯವನು, ಬನಶಂಕರಿಯ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಅವನ ಅಪ್ಪ ಕಾರ್ಪೊರೇಷನ್ನಿನಲ್ಲಿ ಬೀದಿ ಗುಡಿಸಿ ರಿಟೈರ್ ಆದವರು. ಕಾಲೇಜಿನಲ್ಲಿ ಪರಿಚಯವಾಗಿ, ಬುದ್ಧ ವಿಹಾರದಲ್ಲಿ ಮದುವೆಯಾಗಿ, ಅದನ್ನು ರಿಜಿಸ್ಟರೂ ಮಾಡಿಸಿದ್ದರು. ಮದುವೆಯಾದ ಮೇಲೆ ಇದು ಮೂರನೆಯ ರೂಮು. ಮೊದಲನೆಯದನ್ನು ಅವಳ ಚಿಕ್ಕಪ್ಪ ಹುಡುಕಿಕೊಂಡು ಬಂದಿದ್ದ. ಎರಡನೆಯದರ ಮಾಲೀಕನಿಗೆ ಜಾತಿ ಗೊತ್ತಾಗಿ ಬಿಡಿಸಿದ್ದ.

ಅಣ್ಣಮ್ಮ ಬಿಪಿ ನೋಡಿದಳು. ನೂರೈವತ್ತು, ನೂರು. ಇನ್ನೊಂದು ಕೈಗೆ ಪಟ್ಟಿ ಕಟ್ಟಿ ನೋಡಿದಳು. ಅಷ್ಟೇ ಇತ್ತು. ಬಸುರಿಗೆ ಐದು ತಿಂಗಳಾಗಿತ್ತು.

"ತಾಯಿ ಕಾರ್ಡ್ ಮಾಡ್ಸಿದ್ಯಾ?"

"ಇಲ್ಲ ಅಕ್ಕ. ಒಂದ್ಸಲ ಪ್ರೈವೇಟಲ್ಲಿ ಸ್ಕ್ಯಾನ್ ಮಾಡ್ಸಿದ್ವಿ. ಬೇರೆ ಹೆಸರು ಹೇಳಿ."

"ಬೇರೆ ಹೆಸರಿಗೆ ಸ್ಕ್ಯಾನ್ ಮಾಡ್ತಾರೆ. ಫಿಟ್ಸ್ ಬಂದು ಆಸ್ಪತ್ರೆ ಮುಂದೆ ಬಿದ್ದಾಗ ಏನ್ ಮಾಡ್ತೀಯ? ನಿನ್ನಂಥವ್ರನ್ನ ಇಬ್ಬರನ್ನ ನೋಡಿದ್ದೀನಿ. ಒಬ್ಳು ಉಳಿದ್ಲು."

ಹುಡುಗಿ ಟ್ಯಾಬ್ ಕಡೆ ಬೆರಳು ತೋರಿಸಿದಳು. "ಇದ್ರಲ್ಲಿ ನನ್ ಹೆಸರು, ಅಡ್ರೆಸ್ ಹಾಕಿದ್ರೆ ಯಾರ್ಯಾರಿಗೆ ಕಾಣುತ್ತೆ?"

"ನಂಗೆ, ಡಾಕ್ಟ್ರಿಗೆ. ಅಷ್ಟೇ."

ಹೆಡ್ ಆಫೀಸಿನ ಬೀಗದಕೈ ಅವಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಈ ಹುಡುಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಹಾಕಿಕೊಂಡರೆ ಎರಡು ತಿಂಗಳಲ್ಲಿ ಏನಾಗುತ್ತದೆ ಅನ್ನುವುದು ಅಣ್ಣಮ್ಮನಿಗೆ ಗೊತ್ತು. ಹನ್ನೊಂದು ವರ್ಷ ಜನರ ಗುಟ್ಟು ನುಂಗಿದ್ದವಳು ಅವತ್ತು ಸರ್ಕಾರದ ಗುಟ್ಟನ್ನು ನುಂಗಿದಳು.

"ಸತ್ಯ ಮಾಡಿ ಅಕ್ಕ."

"ನನ್ ಜವಾಬ್ದಾರಿ ಕಣವ್ವ" ಎಂದು ಅವಳ ತಲೆ ಮೇಲೆ ಕೈಯಿಟ್ಟಳು.

ಆಧಾರ್ ನಂಬರ್ ಹಾಕಿ, ಫೋನಿಗೆ ಬಂದ ಓಟಿಪಿ ಹಾಕಿ, ಕಾರ್ಡ್ ಮಾಡಿದಳು. ಹೈರಿಸ್ಕ್ ಎಂದು ಕೆಂಪು ಗುರುತು ಬಿತ್ತು. ವಾರಕ್ಕೊಮ್ಮೆ ಬಿಪಿ ನೋಡಲು ನರ್ಸ್ ಬರಬೇಕಾದ್ದರಿಂದ ವಿಳಾಸದ ಕೆಳಗಿನ ಖಾಲಿ ಜಾಗದಲ್ಲಿ ಅಣ್ಣಮ್ಮ ತಾನೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಬರೆದಳು: 'ಹಳೇ ಪೇಪರ್ ಅಂಗಡಿ ಪಕ್ಕ ಹಸಿರು ಗೇಟು, ಎರಡನೇ ಮಹಡಿ. ಎರಡು ಸಲ ಬಡಿದು, ಸ್ವಲ್ಪ ಬಿಟ್ಟು ಇನ್ನೊಂದು ಸಲ ಬಡಿದರೆ ಮಾತ್ರ ಬಾಗಿಲು ತೆಗೆಯುತ್ತಾರೆ.' ಅದು ಇಂಚರ, ಸಿದ್ಧಾರ್ಥ ತಮ್ಮತಮ್ಮೊಳಗೆ ಮಾಡಿಕೊಂಡಿದ್ದ ಗುರುತು.

ಎರಡು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಆರೋಗ್ಯ ಕೇಂದ್ರದ ಡಾಕ್ಟರ್ ಅರ್ಪಿತ ಬಿಪಿ ಮಾತ್ರೆ ಬರೆದುಕೊಟ್ಟರು. ಕಾಲಿನ ಊತ ಇಳಿಯಿತು. ಒಂದು ದಿನ ಇಂಚರ ತಾನೇ ಚಿತ್ರಾನ್ನ ಕಲಸಿ ಅಣ್ಣಮ್ಮನಿಗೆ ಕೊಟ್ಟು, ಉಪ್ಪು ಹಾಕದೆ ಮಾಡಿದ್ದು ತಾನು ತಿನ್ನಲೆಂದು, ಅಣ್ಣಮ್ಮ ಬೇಕಾದರೆ ಮೇಲೆ ಹಾಕಿಕೊಳ್ಳಬಹುದು ಎಂದಳು. ಇಬ್ಬರೂ ಉಪ್ಪಿಲ್ಲದೆಯೇ ತಿಂದರು.

ಮಾರ್ಚ್ ತಿಂಗಳ ಒಂದು ಬುಧವಾರ ಅಣ್ಣಮ್ಮ ಅಂಗನವಾಡಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕಿಸುತ್ತಿದ್ದಾಗ ಚನ್ನವೀರನ ಫೋನ್ ಬಂತು. "ಅಕ್ಕ, ಮೇಲಿನ ಹುಡುಗೀನ ಕರ್ಕೊಂಡ್ ಹೋದ್ರು."

ಅವಳು ಬರುವ ಹೊತ್ತಿಗೆ ಜೀಪು ಹೋಗಿಯಾಗಿತ್ತು. ಚನ್ನವೀರ ತಕ್ಕಡಿ ಬಿಟ್ಟು ರಸ್ತೆಯಲ್ಲಿ ನಿಂತಿದ್ದ. ಇಬ್ಬರು ಪೊಲೀಸರು, ಒಬ್ಬಳು ಲೇಡಿ ಕಾನ್‌ಸ್ಟೇಬಲ್, ಬಿಳೀ ಷರ್ಟಿನ ಇಬ್ಬರು ಯಜಮಾನರು ಬಂದಿದ್ದರಂತೆ. "ಯಾರನ್ನೂ ಏನೂ ಕೇಳ್ಲಿಲ್ಲ ಅಕ್ಕ. ನೆಟ್ಟಗೆ ಗೇಟ್ ತೆಗೆದು ಹತ್ತಿದ್ರು. ನಾನೂ ಹಿಂದೆ ಹೋದೆ. ಆಯಮ್ಮ ಒಂದ್ ಪೇಪರ್ ನೋಡ್ಕೊಂಡು ಬಾಗಿಲು ಬಡಿದ್ಲು. ಎರಡು ಸಲ ಬಡಿದ್ಲು, ಸುಮ್ನೆ ನಿಂತ್ಲು, ಆಮೇಲೆ ಇನ್ನೊಂದ್ಸಲ ಬಡಿದ್ಲು. ಹುಡುಗಿ ನಗ್ತಾ ಬಾಗಿಲು ತೆಗೀತು."

ಅಣ್ಣಮ್ಮ ಅಲ್ಲೇ ಪೇಪರ್ ಕಟ್ಟುಗಳ ಮೇಲೆ ಕೂತಳು.

ಸಂಜೆ ಸಿದ್ಧಾರ್ಥನ ಜೊತೆ ಠಾಣೆಗೆ ಹೋದಳು. ಸಬ್ ಇನ್‌ಸ್ಪೆಕ್ಟರ್ ಭೀಮರಾಯ ಕೂಗಾಡುವ ಜನ ಅಲ್ಲ. ಕುರ್ಚಿ ತೋರಿಸಿ ಕೂರಲು ಹೇಳಿದ. "ಮಿಸ್ಸಿಂಗ್ ಕಂಪ್ಲೇಂಟ್ ಇತ್ತು. ಹುಡುಗಿ ತಂದೆ ಕೊಟ್ಟಿದ್ರು, ಪ್ರಾಣಕ್ಕೆ ಅಪಾಯ ಇದೆ ಅಂತ. ಹುಡುಕಿದ್ವಿ, ಸಿಕ್ಕಿದ್ಲು. ಹೇಳಿಕೆ ತಗೊಂಡ್ವಿ. ಅಪ್ಪನ ಜೊತೆ ಹೋಗ್ತೀನಿ ಅಂದ್ಲು, ಕಳಿಸಿದ್ವಿ."

"ಅವಳು ನನ್ ಹೆಂಡ್ತಿ ಸಾರ್. ಮ್ಯಾರೇಜ್ ಸರ್ಟಿಫಿಕೇಟ್ ಇದೆ" ಎಂದ ಸಿದ್ಧಾರ್ಥ.

"ಇರ್ಲಿ ಬಿಡಪ್ಪ. ಯಾರ್ ಇಲ್ಲ ಅಂದ್ರು?"

"ಅವಳಿಗೆ ಬಿಪಿ ಇದೆ ಸಾರ್, ಮಾತ್ರೆ ರೂಮಲ್ಲೇ ಉಳಿದಿದೆ" ಎಂದಳು ಅಣ್ಣಮ್ಮ. "ಅಡ್ರೆಸ್ ನಿಮಗೆ ಹೆಂಗೆ ಸಿಕ್ತು?"

ಭೀಮರಾಯ ಫೈಲ್ ತೆಗೆದು ಒಂದು ಹಾಳೆಯನ್ನು ಅವರ ಕಡೆ ತಿರುಗಿಸಿದ. "ನಿಮ್ ಇಲಾಖೆಯಿಂದ್ಲೇ ಬಂತು. ನಿನ್ನೆ ಬೆಳಿಗ್ಗೆ ಮೇಲ್ ಹಾಕಿದ್ವಿ, ಮಧ್ಯಾಹ್ನ ಮೂರೂ ಸೈನ್ ಆಗಿ ಬಂತು. ಅಣ್ಣಮ್ಮ ಅಂದ್ರೆ ನೀವೇ ಅಲ್ವಾ? ಚೆನ್ನಾಗಿ ಬರ್ದಿದ್ದೀರಿ. ಎಲ್ರೂ ಹಿಂಗೆ ಬರೆದ್ರೆ ನಮಗೆ ಅಲೆದಾಟ ತಪ್ಪುತ್ತೆ."

ಹಾಳೆಯ ಕೆಳಗೆ 'ಮಾಹಿತಿ ದಾಖಲಿಸಿದವರು' ಎಂಬಲ್ಲಿ ಅವಳ ಹೆಸರಿತ್ತು. ಮೇಲೆ ಹಸಿರು ಗೇಟು, ಎರಡನೇ ಮಹಡಿ, ಬಾಗಿಲು ಬಡಿಯುವ ರೀತಿ. ಸಿದ್ಧಾರ್ಥ ಅದನ್ನು ಒಂದು ಸಲ ಓದಿದ, ಮತ್ತೊಂದು ಸಲ ಓದಿದ. ಹೊರಗೆ ಬಂದು ಇಬ್ಬರೂ ಒಂದೇ ಬಸ್ ಸ್ಟಾಪಿನಲ್ಲಿ ನಿಂತರು. ಬಸ್ ಬಂದಾಗ ಅವನು ಹತ್ತಲಿಲ್ಲ.

ಮಾರನೆಯ ದಿನ ಅಣ್ಣಮ್ಮ ಮಾತ್ರೆಯ ಎರಡು ಸ್ಟ್ರಿಪ್ ಹಿಡಿದು ಕೋಣನಕುಂಟೆಗೆ ಹೋದಳು. ಗಂಗಾಧರಯ್ಯ ಗೇಟಿನ ಮುಂದೆ ನಾಲ್ಕಾರು ಜನರ ಜೊತೆ ಕುರ್ಚಿ ಹಾಕಿಕೊಂಡು ಕೂತಿದ್ದ. ಅವಳು ಯಾರೆಂದು ಹೇಳಿದ ಕೂಡಲೇ ಅವನ ಮುಖ ಅರಳಿತು.

"ಓ, ನೀನೇನಮ್ಮ. ನಿನ್ನಿಂದ ದೊಡ್ಡ ಉಪಕಾರ ಆಯ್ತು. ಎಂಟು ತಿಂಗಳಿಂದ ಹುಡುಕ್ತಿದ್ವಿ. ನೀನು ಬರೆದಿಡದಿದ್ರೆ ನನ್ ಮಗಳು ನನಗೆ ಸಿಗ್ತಿರ್ಲಿಲ್ಲ." ಪಕ್ಕದವರ ಕಡೆ ತಿರುಗಿ, "ಇವಳೇ ಕಣ್ರಪ್ಪ, ಆಸ್ಪತ್ರೆಯವಳು" ಎಂದ.

"ಅವಳಿಗೆ ಈ ಮಾತ್ರೆ ತಪ್ಪಿಸ್ಬಾರ್ದು ಸಾರ್. ಬೆಳಿಗ್ಗೆ ಒಂದು, ರಾತ್ರಿ ಒಂದು. ವಾರಕ್ಕೊಂದ್ಸಲ ಬಿಪಿ ನೋಡಿಸ್ಲೇಬೇಕು. ನಾನೇ ಬಂದು ನೋಡ್ತೀನಿ, ಯಾರಿಗೂ ಏನೂ ಹೇಳಲ್ಲ."

"ಅವಳು ಇಲ್ಲಿಲ್ಲ" ಎಂದ ಗಂಗಾಧರಯ್ಯ. ಮಾತ್ರೆಯನ್ನು ತೆಗೆದುಕೊಂಡು, ಅದರ ಮೇಲೆ ಬರೆದದ್ದನ್ನು ಓದುವವನಂತೆ ನೋಡಿ, ಕಾಂಪೌಂಡ್ ಗೋಡೆಯ ಮೇಲಿಟ್ಟ. ಆಮೇಲೆ ಪಕ್ಕದವನ ಜೊತೆ ಮಂಟಪದ ಬುಕಿಂಗ್ ವಿಚಾರ ಮುಂದುವರಿಸಿದ.

ಸಿದ್ಧಾರ್ಥ ವಕೀಲರನ್ನು ಹಿಡಿದು ಕೋರ್ಟಿಗೆ ಹೋದ. ಹದಿನೆಂಟನೆಯ ದಿನ ಇಂಚರಳನ್ನು ತಂದು ನಿಲ್ಲಿಸಿದರು. ಗಂಡನ ಜೊತೆ ಹೋಗುತ್ತೇನೆ ಎಂದಳು, ಕೋರ್ಟು ಕಳಿಸಿಕೊಟ್ಟಿತು. ಅಷ್ಟರಲ್ಲಿ ಅವಳ ಹೊಟ್ಟೆ ಖಾಲಿಯಾಗಿತ್ತು. ಕನಕಪುರದಾಚೆ ನೆಂಟರ ತೋಟದ ಮನೆಯಲ್ಲಿ ಇಟ್ಟಿದ್ದರಂತೆ. ಹನ್ನೊಂದನೆಯ ದಿನ ತಲೆನೋವು ಬಂದು ಕಣ್ಣು ಮಂಜಾಯಿತಂತೆ. ಹನ್ನೆರಡನೆಯ ದಿನ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಮಗು ಒಳಗೇ ತೀರಿಹೋಗಿತ್ತು.

ಕೋರ್ಟಿನ ಹೊರಗಿನ ಕಾರಿಡಾರಿನಲ್ಲಿ ಅಣ್ಣಮ್ಮ ಕಾಯುತ್ತಿದ್ದಳು. ಇಂಚರ ಅವಳನ್ನು ನೋಡಿ ತಾನಾಗಿಯೇ ಹತ್ತಿರ ಬಂದಳು. ಮೈ ಇಳಿದಿತ್ತು, ಚೂಡಿದಾರ್ ದೊಡ್ಡದಾಗಿ ಕಾಣುತ್ತಿತ್ತು.

"ಅಕ್ಕ, ಹೆಡ್ ಆಫೀಸಲ್ಲಿ ಇನ್ನೊಂದು ಕೀ ಇತ್ತಂತೆ. ಲಾಯರ್ ಹೇಳಿದ್ರು. ನಿಮಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಅನ್ನಬಹುದಿತ್ತು. ಟ್ಯಾಬ್ ಒತ್ತಲೂ ಬಾರದ ಹೆಂಗಸು ಎಂದು ಹುಡುಗಿ ನಂಬುತ್ತಿದ್ದಳೇನೋ.

"ಗೊತ್ತಿತ್ತು" ಎಂದಳು ಅಣ್ಣಮ್ಮ.

ಇಂಚರ ತಲೆಯಾಡಿಸಿದಳು. ಸಿದ್ಧಾರ್ಥ ನೀರಿನ ಬಾಟಲಿ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದ. ಅವನ ಕಡೆಗೆ ನಿಧಾನ ನಡೆದು ಹೋದಳು. ಆ ವಾರವೇ ಅವರು ಊರು ಬಿಟ್ಟರು. ಎಲ್ಲಿಗೆ ಅನ್ನುವುದನ್ನು ಚನ್ನವೀರನಿಗೂ ಹೇಳಲಿಲ್ಲ.

ಅಣ್ಣಮ್ಮ ಇಲಾಖೆಗೆ ದೂರು ಬರೆದಳು. ಡಾಕ್ಟರ್ ಅರ್ಪಿತ ಅದನ್ನು ಓದಿ ಮೇಜಿನ ಮೇಲಿಟ್ಟರು. "ಇದನ್ನ ಕಳಿಸಿದ್ರೆ ಮೊದ್ಲು ಬರೋದು ನಿಮ್ಮ ಮೇಲೇನೇ. ನಂಗೂ ಬೇಜಾರಿದೆ ಅಣ್ಣಮ್ಮ. ಆದ್ರೆ ಯಾರ ಮೇಲೆ ಅಂತ ಬರೀತೀರ? ಯಾರೂ ಬೀಗ ಒಡೆದಿಲ್ಲ."

"ಒಡೆದಿದ್ರೆ ಕಳ್ಳ ಅನ್ನಬಹುದಿತ್ತು ಮೇಡಂ" ಎಂದು ಅಣ್ಣಮ್ಮ ದೂರನ್ನು ತಾನೇ ಅಂಚೆಗೆ ಹಾಕಿದಳು.

ಎರಡು ತಿಂಗಳ ಮೇಲೆ ಉತ್ತರ ಬಂತು. ಪಿಳ್ಳಣ್ಣ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದ. 'ಸದರಿ ಪ್ರಕರಣದಲ್ಲಿ ಮಾಹಿತಿ ಸೋರಿಕೆ ಆಗಿರುವುದಿಲ್ಲ. ಠೇವಣಿ ಕೀಲಿಯನ್ನು ತುರ್ತು ಕೋರಿಕೆಯ ಮೇರೆಗೆ, ಸಕ್ಷಮ ಅಧಿಕಾರಿಗಳ ಅನುಮೋದನೆ ಪಡೆದು, ನಿಯಮಾನುಸಾರ ಬಳಸಲಾಗಿದೆ. ವ್ಯವಸ್ಥೆಯು ಸುರಕ್ಷಿತವಾಗಿರುತ್ತದೆ.' ಓದಿ ಮುಗಿಸಿ ಅವನು ಕಾಗದವನ್ನು ಮಡಿಸಿದ. "ಮಗೂದು ಏನೂ ಬರೆದಿಲ್ವಲ್ಲ" ಎಂದ.

ಬೀದಿ ಆ ಕಾಗದಕ್ಕಾಗಿ ಕಾದಿರಲಿಲ್ಲ. ಕೋಣನಕುಂಟೆಯಲ್ಲಿ ಗೇಟಿನ ಮುಂದೆ ಗಂಗಾಧರಯ್ಯ ಆಡಿದ ಮಾತು ಅದಕ್ಕೂ ಮೊದಲೇ ತಿಲಕ್ ನಗರಕ್ಕೆ ಬಂದು ಮುಟ್ಟಿತ್ತು. ಆಶಾ ಅಣ್ಣಮ್ಮ ಹುಡುಗೀನ ಹಿಡಿದುಕೊಟ್ಟಳಂತೆ, ದೊಡ್ಡವರಿಂದ ಏನೋ ಸಿಕ್ಕಿತಂತೆ. ಯಾರೂ ಜಗಳಕ್ಕೆ ಬರಲಿಲ್ಲ. ಬಾಗಿಲ ಬಳಿಯೇ ನಿಲ್ಲಿಸಿ ಮಾತಾಡಿಸುತ್ತಿದ್ದರು, ಅಷ್ಟೇ. ತಿಂಗಳುಗಟ್ಟಲೆ ಅವಳ ಕೈಯಿಂದ ಕ್ಷಯದ ಮಾತ್ರೆ ತೆಗೆದುಕೊಂಡಿದ್ದ ಸರಸ್ವತಿ, ತನಗೆ ಪೂರ್ತಿ ವಾಸಿಯಾಗಿದೆ, ಇನ್ನು ಬರಬೇಡಿ ಎಂದಳು. ಹೇಳುತ್ತ ಹೇಳುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು.

ಕೇಳಿದವರಿಗೆ ಅಣ್ಣಮ್ಮ ಈಗ ಇದ್ದದ್ದನ್ನೇ ಹೇಳುತ್ತಿದ್ದಳು. "ಇದ್ರಲ್ಲಿ ಹಾಕಿದ್ದು ನಂಗೆ ಕಾಣುತ್ತೆ, ಡಾಕ್ಟ್ರಿಗೆ ಕಾಣುತ್ತೆ. ಮೂರು ಜನ ಸೈನ್ ಹಾಕಿದ್ರೆ ಪೊಲೀಸ್ರಿಗೂ ಕಾಣುತ್ತೆ." ಕೇಳಿದವರು ಟ್ಯಾಬ್ ನೋಡಿ, ಅವಳ ಮುಖ ನೋಡಿ, ಮನೆಯಲ್ಲಿ ಯಾರೂ ಬಸುರಿಯಿಲ್ಲ ಎನ್ನುತ್ತಿದ್ದರು. ಜುಲೈ ಹೊತ್ತಿಗೆ ಅವಳ ನಾಲ್ಕು ಬೀದಿಗಳಲ್ಲಿ ಒಂದೂ ಹೈರಿಸ್ಕ್ ಕೇಸ್ ಇರಲಿಲ್ಲ. ತಿಂಗಳ ಸಭೆಯಲ್ಲಿ ಮೇಲಿನಿಂದ ಬಂದಿದ್ದ ಅಧಿಕಾರಿ ಪರದೆಯ ಮೇಲೆ ಆ ಸೊನ್ನೆಯನ್ನು ತೋರಿಸಿ, ಇದು ಒಳ್ಳೆ ಕೆಲಸದ ಲಕ್ಷಣ ಎಂದ. ಡಾಕ್ಟರ್ ಅರ್ಪಿತ ತಲೆ ಎತ್ತಲಿಲ್ಲ.

ಆಗಸ್ಟ್‌ನಲ್ಲಿ ಅದೇ ಸಭೆಯಲ್ಲಿ ನೋಂದಣಿ ಕಮ್ಮಿಯಾಗಿದೆ ಎಂದು ಅವಳ ಏರಿಯಾ ಬದಲಿಸಿದರು. ತಿಲಕ್ ನಗರದ ಬೀದಿಗಳು ಹೊಸಬಳಿಗೆ ಹೋದವು. ಅವಳಿಗೆ ಬಿಟಿಎಂ ಲೇಔಟ್ ಕಡೆಯ ಆರು ಅಡ್ಡರಸ್ತೆ ಬಂದವು. ಅಲ್ಲಿ ಯಾರಿಗೂ ಅವಳು ಗೊತ್ತಿಲ್ಲ. ಬಿಟ್ಟುಬಿಡು ಎಂದ ಪಿಳ್ಳಣ್ಣ. "ಬಿಟ್ರೆ ಆ ಟ್ಯಾಬ್ ಇನ್ನೊಬ್ಳ ಕೈಗೆ ಹೋಗುತ್ತೆ. ಯಾರ್ಯಾರಿಗೆ ಕಾಣುತ್ತೆ ಅಂತಾನೂ ಅವಳು ಹೇಳಲ್ಲ" ಎಂದಳು ಅಣ್ಣಮ್ಮ.

ಮೊದಲ ದಿನ ಮೊದಲ ಮನೆ. ಬಾಗಿಲು ತೆಗೆದವಳಿಗೆ ಇಪ್ಪತ್ತೈದಿರಬಹುದು, ಶಾಂತಲಾ ಅಂತ ಹೆಸರು, ಮೂರನೇ ತಿಂಗಳು. ಸೀರೆ ನೋಡಿದ ಕೂಡಲೇ ಒಳಗೆ ಕರೆದು ಫ್ಯಾನ್ ಹಾಕಿ, ಹೆಸರು, ವಯಸ್ಸು, ಆಧಾರ್ ನಂಬರ್, ಗಂಡನ ಫೋನ್ ನಂಬರ್ ಒಂದೇ ಉಸಿರಿಗೆ ಹೇಳತೊಡಗಿದಳು. ಏನನ್ನೂ ಕೇಳಲಿಲ್ಲ.

ಆಧಾರ್ ನಂಬರ್ ಒತ್ತಿದ ಅಣ್ಣಮ್ಮ ಅಷ್ಟಕ್ಕೇ ನಿಲ್ಲಿಸಿ ಟ್ಯಾಬನ್ನು ತೊಡೆಯ ಮೇಲೆ ಕವುಚಿ ಇಟ್ಟಳು. "ಒಂದ್ನಿಮಿಷ ಇರವ್ವ. ಇದು ಯಾರ್ಯಾರಿಗೆ ಕಾಣುತ್ತೆ ಅಂತ ಹೇಳ್ತೀನಿ, ಕೇಳು. ಹೆಡ್ ಆಫೀಸಲ್ಲಿ ಇನ್ನೊಂದು ಕೀ ಇದೆ. ಪೊಲೀಸ್ರು ಕೇಳಿದ್ರೆ ಅವರಿಗೂ ಕೊಡ್ತಾರೆ."

ಶಾಂತಲಾ ನಕ್ಕಳು. "ಅಯ್ಯೋ, ನೋಡಿದ್ರೆ ನೋಡ್ಲಿ ಬಿಡಿ ಅಕ್ಕ. ನಾವೇನ್ ಕಳ್ರಾ?"

ಇಂಚರಳೂ ಕಳ್ಳಿಯಾಗಿರಲಿಲ್ಲ. ಅಣ್ಣಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಶಾಂತಲಾ ಅವಳಿಗೆ ಕಾಫಿ ಇಡಲು ಎದ್ದು ಒಳಗೆ ಹೋಗಿ, ಅಲ್ಲಿಂದಲೇ ತನ್ನ ಫೋನಿಗೆ ಬಂದ ಓಟಿಪಿಯನ್ನು ಗಟ್ಟಿಯಾಗಿ ಹೇಳುತ್ತಿದ್ದಳು.